ಎಂಟನೇ ಹಾಡಿನಿಂದ ಶುರು ಮಾಡಿ

ಹಾಡು ನೋಡುವುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಿನಿಮಾಕ್ಕಿಂತ ಮೊದಲೇ ಕ್ಯಾಸೆಟ್ ಬರುತ್ತಿದ್ದ ಕಾಲದಲ್ಲಿ ಹಾಡನ್ನು ಬಾಯಿಪಾಠ ಮಾಡಿಕೊಂಡು, ಇದನ್ನು ಎಲ್ಲಿ ತೆಗೆದಿರಬಹುದು ಎಂದು ಊಹಿಸುತ್ತಲೇ ಥಿಯೇಟರಿಗೆ ಹೋದವರು ನಾವು. ಆದರೆ ಬ್ಯಾಂಡುಗಳ ವಿಡಿಯೋ ನೋಡುವಾಗ ಅದೇ ಅಭ್ಯಾಸ ಸ್ವಲ್ಪ ಅಡ್ಡ ಬರುತ್ತದೆ. ಸಿನಿಮಾ ಹಾಡಿಗೆ ಸಾಮಾನ್ಯವಾಗಿ ಸನ್ನಿವೇಶ ಮೊದಲು, ಟ್ಯೂನು ಆಮೇಲೆ. ಯಾರು ಹಾಡುತ್ತಾರೆ, ಯಾಕೆ ಹಾಡುತ್ತಾರೆ ಎನ್ನುವುದು ಹಾರ್ಮೋನಿಯಂ ಮುಂದೆ ಕೂತಾಗಲೇ ಸಂಗೀತ ನಿರ್ದೇಶಕನಿಗೆ ಗೊತ್ತಿರುತ್ತದೆ. ಬ್ಯಾಂಡಿನ ಆಲ್ಬಮ್ಮಿನಲ್ಲಿ ಹಾಡು ಮುಗಿದ ಮೇಲೆ ಕ್ಯಾಮೆರಾದವರು ಬರುತ್ತಾರೆ. ಸನ್ನಿವೇಶವೇ ಇಲ್ಲದ ಹಾಡಿಗೆ ಸನ್ನಿವೇಶ ಹುಡುಕುವ ಪಾಡು ಅವರದು. ಒಂದೆರಡು ಹಾಡಿಗಲ್ಲ, ಆಲ್ಬಮ್ಮಿನ ಪ್ರತಿಯೊಂದು ಹಾಡಿಗೂ ಹೀಗೆ ಹುಡುಕಲು ಹೊರಟವರ ಕಥೆ ಇದು.

ವಾಡಿಕೆ ಹಾಗಿಲ್ಲ. ಹತ್ತು-ಹನ್ನೆರಡು ಹಾಡಿನಲ್ಲಿ ಓಡಬಹುದಾದ ಎರಡು ಮೂರನ್ನು ಕಂಪನಿ ಸಿಂಗಲ್ ಎಂದು ಆರಿಸಿ, ಅವಕ್ಕಷ್ಟೇ ವಿಡಿಯೋ ಮಾಡಿಸುತ್ತದೆ. ಆ ಖರ್ಚಿನ ಒಂದು ಪಾಲನ್ನು ಅನೇಕ ಕರಾರುಗಳಲ್ಲಿ ಬ್ಯಾಂಡಿನ ರಾಯಲ್ಟಿಯಿಂದಲೇ ಮುರಿದುಕೊಳ್ಳುತ್ತದೆ. ವಿಡಿಯೋ ಹುಟ್ಟಿದ್ದೇ ಜಾಹೀರಾತಾಗಿ. ಆದರೆ ರೇಡಿಯೋದವರು ಎಂದೂ ಹಾಕದ, ಅಭಿಮಾನಿಗಳೂ ದಾಟಿಸಿಬಿಡುವ ಹಾಡಿಗೆ ಮಾಡಿದ ವಿಡಿಯೋ ಏನನ್ನು ಮಾರಬೇಕು? ಅದಕ್ಕೆ ಆ ಹೊರೆಯೇ ಇಲ್ಲ. ಈ ಪ್ರಕಾರದ ಜೀವ ಇರುವುದು ಅಲ್ಲೇ ಎನ್ನುವುದು ನನ್ನ ವಾದ. ಆದ್ದರಿಂದ ಹೊಸಬರು ಮೊದಲನೇ ಹಾಡಿನಿಂದ ಶುರು ಮಾಡಲೇಬಾರದು.

ಮೆಟಾಲಿಕಾವನ್ನೇ ತೆಗೆದುಕೊಳ್ಳಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿ ಹೋದ ತಂಡ, ನಮ್ಮಲ್ಲಿ ಅನೇಕರಿಗೆ ಪರಿಚಿತ. ಮೊದಮೊದಲು ಇವರು ವಿಡಿಯೋ ಎಂದರೆ ಮೂಗು ಮುರಿಯುತ್ತಿದ್ದರು. ನಾಲ್ಕನೇ ಆಲ್ಬಮ್ ಬರುವವರೆಗೆ ಒಂದನ್ನೂ ಮಾಡಿರಲಿಲ್ಲ. 1989ರಲ್ಲಿ ಬಂದ ‘ಒನ್’ ಹಾಡಿನದೇ ಮೊದಲನೆಯದು. ಅಂಥವರು 2016ರ ನವೆಂಬರ್‌ನಲ್ಲಿ ‘ಹಾರ್ಡ್‌ವೈರ್ಡ್... ಟು ಸೆಲ್ಫ್-ಡಿಸ್ಟ್ರಕ್ಟ್’ ಬಿಡುಗಡೆಯ ಹೊತ್ತಿಗೆ ಹನ್ನೆರಡಕ್ಕೆ ಹನ್ನೆರಡು ಹಾಡಿಗೂ ವಿಡಿಯೋ ಮಾಡಿಸಿ, ಹೆಚ್ಚಿನವನ್ನು ಒಂದರ ಬೆನ್ನಿಗೊಂದು ಹೊರಬಿಟ್ಟರು.

ಮೊದಲನೇ ಹಾಡಿನ ವಿಡಿಯೋದಲ್ಲಿ ನಾಲ್ವರೂ ನಿಂತು ನುಡಿಸುತ್ತಾರೆ, ಅಷ್ಟೇ. ಎಂಟನೆಯದಾದ ‘ಮ್ಯಾನ್‌ಅನ್‌ಕೈಂಡ್’ ನೋಡಿ. ಅಲ್ಲಿ ವೇದಿಕೆ ಮೆಟಾಲಿಕಾದ್ದಲ್ಲ. ಮುಖಕ್ಕೆ ಹೆಣದಂತೆ ಬಿಳಿ-ಕಪ್ಪು ಬಳಿದುಕೊಂಡ ಬೇರೆ ಹುಡುಗರು ನಾರ್ವೆಯ ‘ಮೇಹೆಮ್’ ಬ್ಯಾಂಡಿನವರಾಗಿ ನಿಂತು ಆರ್ಭಟಿಸುತ್ತಿದ್ದಾರೆ. ನಿರ್ದೇಶಕ ಸ್ವೀಡನ್ನಿನ ಯೋನಾಸ್ ಓಕರ್‌ಲುಂಡ್ ಒಂದು ಕಾಲಕ್ಕೆ ‘ಬಾಥರಿ’ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದವನು. ಮೇಹೆಮ್ ಕುರಿತ ‘ಲಾರ್ಡ್ಸ್ ಆಫ್ ಕೇಯಾಸ್’ ಸಿನಿಮಾದ ನಟರನ್ನೇ ಇಲ್ಲಿಗೂ ತಂದು ನಿಲ್ಲಿಸಿದ್ದಾನೆ. ಆ ಸಿನಿಮಾ ಬಂದದ್ದು 2018ರಲ್ಲಿ. ಸಿಂಗಲ್ ಆಗಿದ್ದರೆ ಬ್ಯಾಂಡಿನವರ ಮುಖವೇ ಇಲ್ಲದ ಇಂಥ ವಿಡಿಯೋಕ್ಕೆ ಯಾವ ಕಂಪನಿ ಒಪ್ಪುತ್ತಿತ್ತು?

ಹನ್ನೊಂದನೆಯದು ಇನ್ನೊಂದು ಬಗೆ. ‘ಮರ್ಡರ್ ಒನ್’ ಬರೀ ಕೇಳಿದರೆ ಸಪ್ಪೆ. ಆಲ್ಬಮ್ಮಿನ ದುರ್ಬಲ ಹಾಡು ಅದೇ ಎಂದು ನಾನೂ ಹೇಳುತ್ತೇನೆ. 2015ರ ಡಿಸೆಂಬರ್‌ನಲ್ಲಿ ತೀರಿಕೊಂಡ, ‘ಮೋಟರ್‌ಹೆಡ್’ ಬ್ಯಾಂಡಿನ ಲೆಮ್ಮಿಗೆ ಸಲ್ಲಿಸಿದ ಗೌರವ ಅದು. ಅವನು ತನ್ನ ಆಂಪ್ಲಿಫೈಯರಿಗೆ ಇಟ್ಟಿದ್ದ ಹೆಸರೇ ಹಾಡಿನ ಹೆಸರು. ರಾಬರ್ಟ್ ವ್ಯಾಲಿ ಲೆಮ್ಮಿಯ ಬದುಕನ್ನು ತನ್ನ ಚೂಪು ಗೆರೆಗಳ ಅನಿಮೇಷನ್ನಿನಲ್ಲಿ ಬಿಡಿಸಿದ ಮೇಲೆ ಅದೇ ಹಾಡು ಎದ್ದು ಕೂರುತ್ತದೆ. ಚಿತ್ರ ಹಾಡಿಗೆ ಹೊಂದುತ್ತದೋ ಇಲ್ಲವೋ ಎಂಬ ಪ್ರಶ್ನೆಗಿಂತ, ಮೊದಲು ಇಲ್ಲದ್ದು ಏನು ಸೇರಿತು ಎಂದು ಕೇಳಿಕೊಳ್ಳುವುದು ಲಾಭದ ಕೆಲಸ.

ಇನ್ನು ನೋಡುವ ಕ್ರಮ. ಆಲ್ಬಮ್ಮನ್ನು ಮೊದಲು ಚಿತ್ರವಿಲ್ಲದೆ ಪೂರ್ತಿ ಕೇಳಿ. ಒಮ್ಮೆ ವಿಡಿಯೋ ಕಣ್ಣಿಗೆ ಬಿದ್ದರೆ ನಿಮ್ಮ ತಲೆಯಲ್ಲಿ ಮೂಡಬಹುದಾಗಿದ್ದ ಚಿತ್ರ ಮತ್ತೆ ಹುಟ್ಟುವುದು ಕಷ್ಟ. ಆಮೇಲೆ ಶಬ್ದದೊಂದಿಗೆ ನೋಡಿ. ಹಿಡಿಸಿದ್ದನ್ನು ಇನ್ನೊಮ್ಮೆ ಮ್ಯೂಟ್ ಮಾಡಿ ನೋಡಿ. ಆಗ ಎಡಿಟರನ ಕೈ ಕಾಣುತ್ತದೆ. ಡ್ರಮ್ಮಿನ ಪ್ರತಿ ಏಟಿಗೂ ಶಾಟ್ ಬದಲಾಯಿಸುವುದು ಸುಲಭದ ದಾರಿ. ಶಬ್ದ ಆರಿಸಿದರೆ ಆ ಲೆಕ್ಕಾಚಾರ ಬಯಲಾಗುತ್ತದೆ. ಒಳ್ಳೆಯ ಎಡಿಟರ್ ತಾಳ ಬಿದ್ದಾಗಲೂ ಶಾಟನ್ನು ಬಿಡದೆ ಹಿಡಿದಿರುತ್ತಾನೆ, ನೀವು ನಿರೀಕ್ಷಿಸದ ಕಡೆ ಕತ್ತರಿಸುತ್ತಾನೆ. ಇನ್ನೊಂದು ಮೋಜು: ಗಾಯಕಿಯ ತುಟಿ ಹಾಡಿಗೆ ಕರಾರುವಾಕ್ಕಾಗಿ ಕೂಡುತ್ತಿದ್ದೂ ಕೂದಲು, ಸೆರಗು, ಹೊಗೆ ಎಲ್ಲ ತೇಲಿದಂತೆ ನಿಧಾನಕ್ಕೆ ಚಲಿಸುತ್ತಿದ್ದರೆ, ಅಲ್ಲಿ ಸೆಟ್ಟಿನಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿದ್ದಾರೆ ಎಂದರ್ಥ. ಅವಳು ಆ ಓಟಕ್ಕೆ ಬಾಯಿ ಆಡಿಸಿದ್ದಾಳೆ, ಕ್ಯಾಮೆರಾ ಸೆಕೆಂಡಿಗೆ 24ರ ಬದಲು 48 ಫ್ರೇಮ್ ತೆಗೆದಿದೆ. ತೆರೆಯ ಮೇಲೆ ಮಾಮೂಲಿ ವೇಗಕ್ಕೆ ಇಳಿಸಿದಾಗ ತುಟಿ ಸರಿಹೋಗುತ್ತದೆ, ಮೈ ಮಾತ್ರ ಕನಸಿನಲ್ಲಿ ಉಳಿಯುತ್ತದೆ. ನಮ್ಮ ಸಿನಿಮಾದವರಿಗೂ ಇದು ಗೊತ್ತಿರುವ ಕೈಚಳಕವೇ.

ಎಲ್ಲ ಹಾಡಿಗೂ ವಿಡಿಯೋ ಮಾಡುವುದರ ಹಳೆಯ ಮಾದರಿ ನೋಡಬೇಕೆನ್ನುವವರಿಗೆ ‘ಬ್ಲಾಂಡಿ’ ಬ್ಯಾಂಡಿನ 1979ರ ‘ಈಟ್ ಟು ದ ಬೀಟ್’ ಇದೆ. ಎಂಟಿವಿ ಶುರುವಾಗಿದ್ದು 1981ರ ಆಗಸ್ಟ್ 1ಕ್ಕೆ. ಅದಕ್ಕೂ ಮೊದಲೇ ಡೇವಿಡ್ ಮ್ಯಾಲೆಟ್ ಹನ್ನೆರಡೂ ಹಾಡಿಗೆ ವಿಡಿಯೋ ತೆಗೆದಿದ್ದ. ತೋರಿಸಲು ಚಾನೆಲ್ಲೇ ಇಲ್ಲದಾಗ ಅದು ವಿಡಿಯೋ ಕ್ಯಾಸೆಟ್ ಆಗಿ ಬಂತು. ‘ಯೂನಿಯನ್ ಸಿಟಿ ಬ್ಲೂ’ ಹಾಡಿಗೆ ನ್ಯೂಜೆರ್ಸಿಯ ವೀಹಾಕನ್ ಎಂಬಲ್ಲಿನ ಹಡಗು ರಿಪೇರಿ ಕಟ್ಟೆಯನ್ನು ಬಳಸಿಕೊಂಡದ್ದು ಚೆನ್ನಾಗಿದೆ. ಉಳಿದವುಗಳಲ್ಲಿ ಅರ್ಧಕ್ಕರ್ಧ ಬ್ಯಾಂಡ್ ನುಡಿಸಿದಂತೆ ನಟಿಸುವುದೇ. ಹನ್ನೆರಡನ್ನೂ ಒಂದೇ ಸಲಕ್ಕೆ ಕೂತು ನೋಡುವುದು ಇತಿಹಾಸದ ಮೇಲಿನ ಭಕ್ತಿಯಿಂದ ಮಾತ್ರ ಸಾಧ್ಯ. 2006ರಲ್ಲಿ ಗಾಯಕ ಬೆಕ್ ‘ದಿ ಇನ್‌ಫರ್ಮೇಷನ್’ ಆಲ್ಬಮ್ಮಿನ ಜೊತೆ ಡಿವಿಡಿಯಲ್ಲಿ ಕೊಟ್ಟ ಅಗ್ಗದ ವಿಡಿಯೋಗಳು ನನಗೆ ಇದಕ್ಕಿಂತ ಇಷ್ಟ. ಮಕ್ಕಳಾಟದಂತಿವೆ, ಮಕ್ಕಳಾಟ ಎಂಬುದನ್ನು ಮುಚ್ಚಿಡುವುದೂ ಇಲ್ಲ.

ಕೈ ತುಂಬುವ ಬುತ್ತಿ ಸಿಗುವುದು ಐಸ್‌ಲ್ಯಾಂಡಿನ ‘ಸಿಗುರ್ ರೋಸ್’ ಬ್ಯಾಂಡಿನ ಹತ್ತಿರ. 2012ರಲ್ಲಿ ‘ವಾಲ್ತರಿ’ ಆಲ್ಬಮ್ಮಿಗೆ ಇವರು ಹಲವು ನಿರ್ದೇಶಕರನ್ನು ಕರೆದು, ತಲಾ 10 ಸಾವಿರ ಡಾಲರ್ ಕೊಟ್ಟು, ಹಾಡು ಕೇಳಿದಾಗ ತಲೆಗೆ ಬಂದದ್ದನ್ನು ಮಾಡಿ ಎಂದರು. ಸ್ಕ್ರಿಪ್ಟ್ ತೋರಿಸಿ ಒಪ್ಪಿಗೆ ಪಡೆಯುವ ಕಾಟ ಇಲ್ಲ. ಹಾಡುಗಳು ಎಂಟೇ; ಚಿತ್ರಗಳು ಅದಕ್ಕಿಂತ ಹೆಚ್ಚಾದವು, ಏಕೆಂದರೆ ಒಂದೇ ಹಾಡನ್ನು ಇಬ್ಬರು ಎತ್ತಿಕೊಂಡದ್ದೂ ಉಂಟು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ‘ವಾರೂದ್’ ಹಾಡಿನ ಎರಡು ಚಿತ್ರಗಳನ್ನು ಒಂದರ ಬೆನ್ನಿಗೊಂದು ಹಾಕಿ ನೋಡಿ. ರಯಾನ್ ಮೆಕ್‌ಗಿನ್ಲಿಯದರಲ್ಲಿ ಒಬ್ಬ ಹುಡುಗಿ ನ್ಯೂಯಾರ್ಕಿನ ಬೀದಿಗಳಲ್ಲಿ ಕುಪ್ಪಳಿಸುತ್ತಾ ಹೋಗುತ್ತಾಳೆ. ಸುತ್ತ ಊರು ತನ್ನ ಪಾಡಿಗೆ ತಾನಿದೆ. ಗಾಯಕ ಯೋನ್ಸಿಯ ತಂಗಿ ಇಂಗಾ ಬಿರ್ಗಿಸ್‌ದೋತ್ತಿರ್ ಮಾಡಿದ್ದರಲ್ಲಿ ಹಳೆಯ ಫೋಟೋದಂಥ ಬೆಟ್ಟದ ನೋಟ, ಹೆಚ್ಚುಕಡಿಮೆ ಅಲುಗಾಡದ ಚೌಕಟ್ಟು, ಅದರೊಳಗೆ ಪುಟ್ಟ ಮನುಷ್ಯಾಕೃತಿಗಳು. ಹಾಡು ಕೊನೆಗೆ ಉಕ್ಕಿ ಏರುತ್ತದಲ್ಲ, ಮೊದಲನೆಯದರಲ್ಲಿ ಆ ಏರು ಹುಡುಗಿಯ ಖುಷಿಯಾಗಿ ಕೇಳಿಸುತ್ತದೆ. ಎರಡನೆಯದರಲ್ಲಿ ಅದೇ ಏರು ಯಾರೋ ದೂರದಿಂದ ಕೊಡುವ ಎಚ್ಚರಿಕೆ. ಒಂದು ಸ್ವರವೂ ಬದಲಾಗಿಲ್ಲ.

ಹಾಡುಗಳನ್ನೆಲ್ಲ ಒಂದೇ ಕಥೆಗೆ ಪೋಣಿಸುವವರೂ ಇದ್ದಾರೆ. ಫ್ರಾನ್ಸಿನ ‘ಡಾಫ್ಟ್ ಪಂಕ್’ ಜೋಡಿ 2001ರ ‘ಡಿಸ್ಕವರಿ’ ಆಲ್ಬಮ್ಮನ್ನು ಜಪಾನಿನ ತೋಯೆ ಅನಿಮೇಷನ್ ಸಂಸ್ಥೆಗೆ ಒಯ್ದು, ಬಾಲ್ಯದಲ್ಲಿ ತಾವು ಮೆಚ್ಚಿದ್ದ ಅನಿಮೆ ಕಲಾವಿದ ಲೇಯಿಜಿ ಮಾತ್ಸುಮೋತೊ ಅವರ ಉಸ್ತುವಾರಿಯಲ್ಲಿ 2003ಕ್ಕೆ ‘ಇಂಟರ್‌ಸ್ಟೆಲ್ಲಾ 5555’ ಮಾಡಿಸಿತು. ನೀಲಿ ಮೈಯ ಅನ್ಯಗ್ರಹದ ಬ್ಯಾಂಡೊಂದನ್ನು ಭೂಮಿಗೆ ಅಪಹರಿಸಿ, ಬಣ್ಣ ಬದಲಿಸಿ, ನೆನಪು ಅಳಿಸಿ ಸ್ಟಾರ್ ಮಾಡುವ ಕಥೆ. ಸಂಭಾಷಣೆ ಇಲ್ಲ. ‘ವೆರಿಡಿಸ್ ಕ್ವೋ’ ಎಂಬ ಸಾಹಿತ್ಯವಿಲ್ಲದ, ಮಂದಗತಿಯ ಹಾಡು ಇಲ್ಲಿ ಖಳನ ಗುಟ್ಟು ಬಿಚ್ಚುವ ಕೆಲಸ ಹೊತ್ತಿದೆ. ಬರೀ ಕೇಳುವಾಗ ಉದ್ದವೆನಿಸಿದ ಐದೂ ಮುಕ್ಕಾಲು ನಿಮಿಷ ಕಥೆಗೆ ಬೇಕೇ ಬೇಕು. ಆದರೆ ಕಥೆಯ ಹಂಗಿಗೆ ಬಿದ್ದ ಮೇಲೆ ಪ್ರತಿ ಹಾಡಿನ ಸ್ವಾತಂತ್ರ್ಯ ಹೋಗುತ್ತದೆ, ಆಗ ನಾವು ನಮ್ಮ ಸಿನಿಮಾ ಹಾಡಿನ ಕಡೆಗೇ ಮರಳಿದಂತೆ. ಬಿಯಾನ್ಸೆಯ 2016ರ ‘ಲೆಮೊನೇಡ್’ ಕೂಡ ಈ ದಾರಿಯದೇ. ಅದಕ್ಕೆ ಬೇರೆಯೇ ಬರಹ ಬೇಕು.

ಸಾಹಿತ್ಯದ ಅಕ್ಷರಗಳು ತೆರೆಯ ಮೇಲೆ ಕುಣಿಯುವ ಲಿರಿಕ್ ವಿಡಿಯೋಗಳನ್ನು ಸೇರಿಸಿ ‘ಎಲ್ಲ ಹಾಡಿಗೂ ವಿಡಿಯೋ’ ಎನ್ನುವವರನ್ನು ನಂಬಬೇಡಿ. ಇನ್ನು ನೋಡುವ ಜಾಗ. ಮೆಟಾಲಿಕಾ 2023ರಲ್ಲಿ ‘72 ಸೀಸನ್ಸ್’ ಆಲ್ಬಮ್ಮಿಗೂ ಹನ್ನೆರಡು ವಿಡಿಯೋ ಮಾಡಿಸಿ, ಬಿಡುಗಡೆಯ ಹಿಂದಿನ ದಿನ ಏಪ್ರಿಲ್ 13ರಂದು ಹಲವು ದೇಶಗಳ ಥಿಯೇಟರುಗಳಲ್ಲಿ ತೋರಿಸಿತು. ನಮಗೆ ಮನೆಯ ಟಿವಿಯೇ ಗತಿ. ಬ್ಯಾಂಡಿನ ಅಧಿಕೃತ ಚಾನೆಲ್ಲಿನಲ್ಲಿ ಆಲ್ಬಮ್ಮಿನ ಪ್ಲೇಲಿಸ್ಟ್ ಹುಡುಕಿ, ಆಟೋಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ಯೂಟ್ಯೂಬ್ ನಿಮ್ಮನ್ನು ಎರಡು ನಿಮಿಷಕ್ಕೆ ಅದೇ ಹಳೆಯ ಹಿಟ್ ಹಾಡಿನ ಮುಂದೆ ಕೂರಿಸುತ್ತದೆ.