ಗೌಸನ ನಿಯಮವೂ ಸಮಮಿತಿಯ ಹೇತುವೂ

ಆವೇಶಯುಕ್ತವಾದ ಗೋಳ, ತಂತಿ, ಹಲಗೆ ಇವುಗಳ ಸುತ್ತಣ ವಿದ್ಯುತ್‌ಕ್ಷೇತ್ರವನ್ನು ಗಣಿಸುವ ಪ್ರಕರಣವು ಭೌತಶಾಸ್ತ್ರದ ಪಠ್ಯಗ್ರಂಥಗಳಲ್ಲಿ ಪ್ರಾಯಶಃ ಗೌಸನ ನಿಯಮದ ಪ್ರಯೋಜನಗಳೆಂಬ ತಲೆಬರಹದ ಕೆಳಗೆ ಬರುತ್ತದೆ. ಈ ತಲೆಬರಹವೇ ವಿಚಾರಾರ್ಹವಾದುದು. ದುಡಿದವನೊಬ್ಬ, ಹೆಸರು ಪಡೆದವನೊಬ್ಬ ಎಂಬಂತೆ, ಸಮಮಿತಿಯ ವಾದವು ಸಾಧಿಸಿದ ಫಲವು ಇಲ್ಲಿ ನಿಯಮದ ಲೆಕ್ಕಕ್ಕೆ ಸಂದಿದೆ.

ನಿಯಮವು ಹೇಳುವುದಿಷ್ಟೆ: ಯಾವುದೇ ಸಂವೃತ ತಲದ ಮೂಲಕ ಹೊರಹೊಮ್ಮುವ ಕ್ಷೇತ್ರಪ್ರವಾಹದ ಒಟ್ಟು ಮೊತ್ತವು ಆ ತಲದೊಳಗಿನ ಒಟ್ಟು ಆವೇಶಕ್ಕೆ ಅನುಪಾತದಲ್ಲಿರುತ್ತದೆ. ಆದರೆ ಊರಿನ ಒಟ್ಟು ಕಂದಾಯವನ್ನು ತಿಳಿದ ಮಾತ್ರಕ್ಕೆ ಒಂದೊಂದು ಹೊಲದ ಕಂದಾಯವನ್ನು ಹೇಳಬಹುದೆ? ಹೊಲಗಳೆಲ್ಲವೂ ಸಮವೆಂದು ಬೇರೊಂದು ಪ್ರಮಾಣದಿಂದ ಗೊತ್ತಾಗಿದ್ದರೆ ಮಾತ್ರ ಭಾಗಾಕಾರವು ಸಾಧ್ಯ. ಆ ಬೇರೊಂದು ಪ್ರಮಾಣವೇ ಸಮಮಿತಿ.

ಉದ್ದಕ್ಕೂ ಏಕರೂಪವಾಗಿ ಆವೇಶವನ್ನು ಹೊತ್ತ, ಎರಡು ಕಡೆಯೂ ಕೊನೆಯಿಲ್ಲದ ನೇರವಾದ ತಂತಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತಂತಿಯನ್ನು ತನ್ನ ಉದ್ದದ ಮೇಲೆ ಸರಿಸಿದರೂ, ತನ್ನ ಸುತ್ತಲೇ ತಿರುಗಿಸಿದರೂ ಅದು ಮೊದಲಿನಂತೆಯೇ ಇರುವುದರಿಂದ, ಕ್ಷೇತ್ರದ ಪ್ರಮಾಣವು ತಂತಿಯಿಂದಿರುವ ದೂರವೊಂದನ್ನೇ ಅವಲಂಬಿಸಬೇಕು. ದಿಕ್ಕಿನ ವಿಚಾರವು ಇದಕ್ಕಿಂತ ಸೂಕ್ಷ್ಮವಾದುದು. ಪರಿಶೀಲಿಸುವ ಬಿಂದುವಿನ ಮೂಲಕ ತಂತಿಗೆ ಲಂಬವಾಗಿ ಒಂದು ದರ್ಪಣವನ್ನು ಕಲ್ಪಿಸಿದರೆ, ತಂತಿಯ ಪ್ರತಿಬಿಂಬವು ತಂತಿಯೇ, ಬಿಂದುವೂ ಕದಲುವುದಿಲ್ಲ. ಆದರೆ ತಂತಿಯ ಗುಂಟ ಇರಬಹುದಾದ ಕ್ಷೇತ್ರಾಂಶವು ಮಾತ್ರ ವಿಪರೀತವಾಗುತ್ತದೆ. ಕಾರಣವು ಬದಲಾಗದೆ ಕಾರ್ಯವು ಬದಲಾಗಲಾರದು. ಆದುದರಿಂದ ಆ ಅಂಶವು ಶೂನ್ಯ. ಇನ್ನು ತಂತಿಯನ್ನೂ ಬಿಂದುವನ್ನೂ ಒಳಗೊಂಡಂತೆ ದರ್ಪಣವನ್ನಿರಿಸಿದರೆ, ತಂತಿಯನ್ನು ಸುತ್ತುವ ಅಂಶವೂ ಅದೇ ನ್ಯಾಯದಿಂದ ಲುಪ್ತವಾಗುತ್ತದೆ. ಉಳಿಯುವುದು ತಂತಿಗೆ ಲಂಬವಾಗಿ ಹೊರಮುಖವಾದ ಅಂಶವೊಂದೇ. ಇಷ್ಟೆಲ್ಲ ನಡೆದ ಮೇಲೆ, ತಂತಿಯ ಸುತ್ತ ಒಂದು ಸ್ತಂಭಾಕೃತಿಯ ತಲವನ್ನು ಕಲ್ಪಿಸಿ ಭಾಗಿಸುವ ಕಡೆಯ ಪಂಕ್ತಿಯಲ್ಲಿ ಗೌಸನ ನಿಯಮವು ಪ್ರವೇಶಿಸುತ್ತದೆ. ದೂರವು ಇಮ್ಮಡಿಯಾದರೆ ಕ್ಷೇತ್ರವು ಅರ್ಧವಾಗುವುದೆಂಬ ಫಲವು ಆಗ ಕೈಸೇರುತ್ತದೆ. ಗೋಳದ ಹೊರಗೆ ಅದು ಕೇಂದ್ರದಿಂದ ದೂರವು ಇಮ್ಮಡಿಯಾದಾಗ ಕಾಲುಭಾಗವಾಗುವುದೂ, ಕೊನೆಯಿಲ್ಲದ ಹಲಗೆಯೆದುರು ಸ್ವಲ್ಪವೂ ಕುಂದದಿರುವುದೂ ಇದೇ ಕ್ರಮದಿಂದ ಸಿದ್ಧವಾಗುತ್ತವೆ. ಪಠ್ಯಗ್ರಂಥಗಳು ಈ ದರ್ಪಣವಾದವನ್ನೆಲ್ಲ “ಸ್ಪಷ್ಟವಾಗಿ” ಎಂಬ ಒಂದು ಕ್ರಿಯಾವಿಶೇಷಣದೊಳಗೆ ಅಡಗಿಸಿಬಿಡುವುದು ರೂಢಿ.

ಹೀಗೆ ಅಡಗಿಸಿದುದರ ಫಲವು ವಿದ್ಯಾರ್ಥಿಗಳ ತಪ್ಪುಗಳಲ್ಲಿ ಕಾಣುತ್ತದೆ. ಗೇಣುದ್ದದ ಕೋಲಿಗೂ ಅವರು ಅದೇ ಸೂತ್ರವನ್ನು ಹಚ್ಚುತ್ತಾರೆ. ನಿಯಮವು ಅಲ್ಲಿಯೂ ಸತ್ಯವೇ, ಆದರೆ ಮೂಕವಾಗಿರುತ್ತದೆ. ಘನಾಕೃತಿಯ ನಡುವೆ ಒಂದು ಬಿಂದ್ವಾವೇಶವನ್ನಿಟ್ಟರೆ, ಪ್ರತಿ ಮುಖಕ್ಕೂ ಮೊತ್ತದ ಆರನೆಯ ಒಂದು ಭಾಗವು ಸಲ್ಲುವುದೇನೋ ನಿಜ. ಆದರೂ ಮೂಲೆಯಲ್ಲಿನ ಕ್ಷೇತ್ರವು ಮುಖದ ಮಧ್ಯದಲ್ಲಿರುವುದರ ಮೂರನೆಯ ಒಂದು ಪಾಲು ಮಾತ್ರ.

ಈ ಸಂಬಂಧದಲ್ಲಿ ನ್ಯೂಟನ್ನನ 1687ರ ಪ್ರಿನ್ಸಿಪಿಯಾ ಗ್ರಂಥವನ್ನು ಹೋಲಿಸಿ ನೋಡುವುದು ಉಚಿತ. ಟೊಳ್ಳುಗೋಳದೊಳಗಿನ ಕಣದ ಮೇಲೆ ಯಾವ ಬಲವೂ ಇರದೆಂಬುದನ್ನು ಮೊದಲನೆಯ ಸಂಪುಟದ 70ನೆಯ ಪ್ರತಿಜ್ಞೆಯಲ್ಲಿ ಆತನು ಸಾಧಿಸಿರುವನು. ವಿಷಯವು ಗುರುತ್ವಾಕರ್ಷಣೆಯದಾದರೂ, ವಿದ್ಯುದ್ಬಲವೂ ವಿಲೋಮ ವರ್ಗ ನಿಯಮವನ್ನೇ ಅನುಸರಿಸುವುದರಿಂದ ವಾದವು ಎರಡಕ್ಕೂ ಸಮಾನ. ಕಣದಿಂದ ಎದುರುಬದುರಾಗಿ ಹೊರಟ ಎರಡು ಕಿರುಶಂಕುಗಳು ಗೋಳದಲ್ಲಿ ಎರಡು ತುಣುಕುಗಳನ್ನು ಕತ್ತರಿಸುತ್ತವೆ. ತುಣುಕುಗಳ ವಿಸ್ತಾರವು ದೂರದ ವರ್ಗದಂತೆ ಹಿಗ್ಗುತ್ತದೆ. ಬಲವು ದೂರದ ವರ್ಗದಂತೆಯೇ ಕುಗ್ಗುತ್ತದೆ. ಎರಡೂ ಸರಿತೂಗಿ ಬಲಗಳು ಪರಸ್ಪರ ನಿರಸನಗೊಳ್ಳುತ್ತವೆ. ಜ್ಯಾರೇಖೆಯು ಎರಡು ತುದಿಗಳಲ್ಲಿಯೂ ಸಮಾನಕೋನದಿಂದ ಗೋಳವನ್ನು ಮುಟ್ಟುವುದೆಂಬ ಅಂಶವೇ ಇಲ್ಲಿ ಸಮಮಿತಿಯ ಪಾತ್ರ. ಗೌಸನ ಮಾರ್ಗದಲ್ಲಿ ಈ ಫಲವು ಒಂದೇ ಪಂಕ್ತಿಯಲ್ಲಿ ಬರುತ್ತದೆ, ನಿಜ. ಆದರೆ ವಿಲೋಮ ವರ್ಗವು ಅಲ್ಲಿ ನಿಯಮದ ಹೊಟ್ಟೆಯೊಳಗೇ ಜೀರ್ಣವಾಗಿಬಿಟ್ಟಿದೆ, ಓದುವವನಿಗೆ ಕಾಣುವುದಿಲ್ಲ. ಬೋಧನೆಗೆ ನ್ಯೂಟನ್ನನ ದೀರ್ಘಮಾರ್ಗವೇ ಮೇಲೆಂದು ಹೇಳಬೇಕಾಗುತ್ತದೆ.

ಆ ಮಾರ್ಗದ ಬೆಲೆಯನ್ನು ಪೂರ್ವಿಕರು ಅರಿತಿದ್ದರು. ಆವೇಶಗೊಂಡ ಲೋಹಪಾತ್ರೆಯೊಳಗೆ ಆಕರ್ಷಣೆಯು ತೋರದಿರುವುದನ್ನು ಕಂಡು, ವಿದ್ಯುದ್ಬಲಕ್ಕೂ ವಿಲೋಮ ವರ್ಗವೇ ಸಲ್ಲುವುದೆಂದು ಪ್ರೀಸ್ಟ್ಲಿಯು 1767ರಲ್ಲಿ ಊಹಿಸಿದನು. ಊಹೆಯು ಸರಿಯಾದುದೇ, ಹೇತುವು ಮಾತ್ರ ಅಪೂರ್ಣ. ಪಾತ್ರೆಯು ಗೋಳವಲ್ಲವಷ್ಟೆ! ಕ್ಯಾವೆಂಡಿಷನು 1772-73ರಲ್ಲಿ ಒಂದು ಗೋಳವನ್ನು ಎರಡು ಅರ್ಧಗೋಳಗಳ ನಡುವೆ ಮುಚ್ಚಿಟ್ಟು ಪರೀಕ್ಷಿಸಿ ಆ ಕೊರತೆಯನ್ನು ನೀಗಿದನು. ಘಾತವು 2ರಿಂದ ಐವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಬೇರೆಯಾಗಿರಲಾರದೆಂದು ಆತನು ಕಂಡುಕೊಂಡನು. ಆ ಬರಹಗಳು ಮ್ಯಾಕ್ಸ್‌ವೆಲ್ಲನ ಸಂಪಾದಕತ್ವದಲ್ಲಿ ಅಚ್ಚಾದುದು 1879ರಲ್ಲಿ.

ಸಮಮಿತಿಯಾದರೂ ಸ್ವತಃಪ್ರಮಾಣವೆಂದು ತಿಳಿಯಲಾಗದು. ಉದ್ದನೆಯ ತಂತಿಯ ಕೆಳಗೆ ಅದಕ್ಕೆ ಸಮಾಂತರವಾಗಿ ಕಾಂತಸೂಜಿಯನ್ನಿರಿಸಿದರೆ, ತಂತಿ ಸೂಜಿಗಳೆರಡನ್ನೂ ಒಳಗೊಂಡ ಸಮತಲದ ಎಡವೂ ಬಲವೂ ಒಂದೇ ಆಗಿ ತೋರುತ್ತವೆ. ಆದರೂ ತಂತಿಯಲ್ಲಿ ವಿದ್ಯುತ್ತು ಹರಿದೊಡನೆ ಸೂಜಿಯು ಒಂದು ಪಕ್ಕಕ್ಕೆ ವಾಲುವುದನ್ನು 1820ರಲ್ಲಿ ಆರ್‌ಸ್ಟೆಡನು ಪ್ರಕಟಿಸಿದನು. ಇದರಿಂದ ಬುದ್ಧಿಗಾಗುವ ಆಘಾತವನ್ನು ಮಾಖನು ತನ್ನ 1883ರ ಯಂತ್ರಶಾಸ್ತ್ರ ಗ್ರಂಥದಲ್ಲಿ ಪ್ರಸ್ತಾಪಿಸಿರುವನು. ಪರಿಹಾರವು 1894ರ ಪಿಯರ್ ಕ್ಯೂರಿಯ ಪ್ರಬಂಧದಲ್ಲಿದೆ. ವಿದ್ಯುತ್‌ಕ್ಷೇತ್ರವು ದರ್ಪಣದಲ್ಲಿ ಬಾಣದಂತೆ ಪ್ರತಿಬಿಂಬಿಸಿದರೆ, ಕಾಂತಕ್ಷೇತ್ರವು ತಿರುಗುವ ಚಕ್ರದಂತೆ ಪ್ರತಿಬಿಂಬಿಸುತ್ತದೆ. ಸೂಜಿಯು ಬಿದ್ದಿರುವ ಸಮತಲವನ್ನೇ ದರ್ಪಣವೆಂದು ಎಣಿಸಿದರೆ ಅದರ ಧ್ರುವಗಳು ಅದಲುಬದಲಾಗುತ್ತವೆ. ತಂತಿಯನ್ನು ಒಳಗೊಂಡ ದರ್ಪಣವು ಹಿಂದೆ ವಿದ್ಯುತ್‌ಕ್ಷೇತ್ರಕ್ಕೆ ನಿಷೇಧಿಸಿದ್ದ ಸುತ್ತುವ ದಿಕ್ಕೊಂದನ್ನೇ ಕಾಂತಕ್ಷೇತ್ರಕ್ಕೆ ವಿಧಿಸುತ್ತದೆ. ಹೊರಮುಖವಾದ ದಿಕ್ಕು ಅದಕ್ಕೆ ನಿಷಿದ್ಧ.