ಆಕೆ ನೋಡಿದ್ದೇನು?

ನಾನು ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಓದಿದ್ದು ಬಿ.ಎ., ಬಿ.ಎಡ್. ವಿಜ್ಞಾನಕ್ಕೆ ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಕೈಮುಗಿದಿದ್ದೆ. ಆದರೂ ಶಾಲೆಯಲ್ಲಿ ಯಾವ ಸಮಾರಂಭವಿರಲಿ, "ಟೀಚರ್, ನೀವೇ ನಾಲ್ಕು ಮಾತಾಡಿ" ಎಂದು ಮೈಕು ನನ್ನ ಕೈಗೇ ಬರುತ್ತದೆ. 2025ರ ಆಗಸ್ಟಿನಲ್ಲಿ ವಿಜ್ಞಾನ ಸಂಘದ ಉದ್ಘಾಟನೆಗೂ ಹಾಗೇ ಆಯಿತು.

ವಿಷಯಕ್ಕೇನೂ ಬರವಿರಲಿಲ್ಲ. ಚಿಲಿ ದೇಶದ ಬೆಟ್ಟದ ಮೇಲೆ ಕಟ್ಟಿದ ವೇರಾ ರೂಬಿನ್ ವೀಕ್ಷಣಾಲಯ ಆ ವರ್ಷ ಜೂನ್ ತಿಂಗಳಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರತಂದಿತ್ತು. 8.4 ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕದ ಆ ಮನೆಗೆ ಒಬ್ಬ ಹೆಣ್ಣುಮಗಳ ಹೆಸರು! ಆಕೆಯ ಬಗ್ಗೆ ಬಂದ ಲೇಖನಗಳಲ್ಲಿ ನಾಲ್ಕನ್ನು ಕತ್ತರಿಸಿ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಅದನ್ನೇ ಆಧಾರ ಮಾಡಿಕೊಂಡು ಅರ್ಧ ಗಂಟೆ ಮಾತಾಡಿದೆ. 1928ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಹುಡುಗಿ ಖಗೋಳವಿಜ್ಞಾನ ಓದಬೇಕೆಂದಾಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಆ ತರಗತಿಗೆ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ ಎಂದೆ. ಮಕ್ಕಳನ್ನು ತಾಯ್ತಂದೆಯರ ಹತ್ತಿರ ಬಿಟ್ಟು ಸಂಜೆಯ ತರಗತಿಗೆ ಹೋಗಿ 1954ರಲ್ಲಿ ಡಾಕ್ಟರೇಟ್ ಪಡೆದರು, ಕಾರು ಓಡಿಸಲು ಬಾರದ ಹೆಂಡತಿಯನ್ನು ಗಂಡನೇ ಕರೆದೊಯ್ದು ತರುತ್ತಿದ್ದರು ಎಂದೆ. ಪಾಲೊಮಾರ್ ಬೆಟ್ಟದ ವೀಕ್ಷಣಾಲಯದಲ್ಲಿ ಹೆಂಗಸರಿಗೆ ಶೌಚಾಲಯವೇ ಇಲ್ಲದಿದ್ದಾಗ, ಬಾಗಿಲ ಮೇಲಿದ್ದ ಗಂಡಸಿನ ಚಿತ್ರಕ್ಕೆ ಕಾಗದದ ಲಂಗ ಕತ್ತರಿಸಿ ಅಂಟಿಸಿದರಂತೆ ಎಂದಾಗ ಸಭೆಯೆಲ್ಲ ನಕ್ಕಿತು. ನಾಲ್ಕು ಮಕ್ಕಳ ತಾಯಿ, ನೊಬೆಲ್ ಸಿಗಲೇ ಇಲ್ಲ, 2016ರಲ್ಲಿ ತೀರಿಕೊಂಡರು ಎಂದು ಮುಗಿಸುವಾಗ ನನ್ನ ಗಂಟಲೂ ಕಟ್ಟಿತ್ತು. ಚಪ್ಪಾಳೆ ಜೋರಾಗಿಯೇ ಬಂತು.

ಆಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಅವರು ದೂರದರ್ಶಕದಲ್ಲಿ ಏನು ನೋಡಿದ್ರು?"

"ಕಪ್ಪುದ್ರವ್ಯ ಅಂತ ಒಂದಿದೆಯಮ್ಮ, ಅದನ್ನು ಕಂಡುಹಿಡಿದರು."

"ಅದು ಕಣ್ಣಿಗೆ ಕಾಣೋದೇ ಇಲ್ಲ ಅಂತ ಈಗ ಹೇಳಿದ್ರಲ್ಲ ಮಿಸ್. ಮತ್ತೆ ನೋಡಿದ್ದೇನು?"

ನನ್ನ ಹತ್ತಿರ ಉತ್ತರವಿರಲಿಲ್ಲ. "ನಿಮ್ಮ ವಿಜ್ಞಾನದ ಸರ್‌ನ ಕೇಳು" ಎಂದು ಕೂರಿಸಿದೆ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ಮನೆಗೆ ಬಂದು ಫೈಲು ತೆಗೆದೆ. ನಾಲ್ಕೂ ಲೇಖನಗಳನ್ನು ಪೆನ್ಸಿಲ್ ಹಿಡಿದು, ಮಕ್ಕಳ ಉತ್ತರಪತ್ರಿಕೆ ತಿದ್ದುವಂತೆ ಓದಿದೆ. ಬಾಗಿಲು ಮುಚ್ಚಿದವರ ಕಥೆ ಇತ್ತು. ಶೌಚಾಲಯ ಇತ್ತು. ಮಕ್ಕಳು, ಗಂಡ, ಕೈತಪ್ಪಿದ ಬಹುಮಾನ ಎಲ್ಲ ಇತ್ತು. ಆಕೆ ಜೀವನವಿಡೀ ಮಾಡಿದ ಕೆಲಸಕ್ಕೆ ಮಾತ್ರ ಒಂದೊಂದು ವಾಕ್ಯ. ಮದುವೆಮನೆಯ ಊಟದ ಬಗ್ಗೆ ಬರೆಯುತ್ತಾ ಅಡಿಗೆಯವಳ ಕಷ್ಟವನ್ನೆಲ್ಲ ಹೇಳಿ, ಸಾರು ಹೇಗಿತ್ತೆಂದು ಹೇಳದೆ ಬಿಟ್ಟಂತೆ. ಈ ಲೇಖನಗಳನ್ನು ಬರೆದವರ ಮೇಲೆ ನನ್ನ ದೂರು ಅದು. ಅವನ್ನು ಒಪ್ಪಿಸಿದ ನನ್ನ ಮೇಲೂ ಅದೇ ದೂರು.

ದೂರಿ ಸುಮ್ಮನಾದರೆ ಆಗದಲ್ಲ. ನಮ್ಮ ವಿಜ್ಞಾನದ ಮೇಷ್ಟ್ರನ್ನು ಸ್ಟಾಫ್ ರೂಮಿನಲ್ಲಿ ಹಿಡಿದು ಕೂರಿಸಿಕೊಂಡೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ, ರೂಬಿನ್ ಅವರೇ ಬರೆದ 'ಬ್ರೈಟ್ ಗೆಲಾಕ್ಸೀಸ್, ಡಾರ್ಕ್ ಮ್ಯಾಟರ್ಸ್' ಎಂಬ ಪ್ರಬಂಧ ಸಂಕಲನವನ್ನು ತಂದುಕೊಟ್ಟ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಆ ಹುಡುಗಿಯ ಪ್ರಶ್ನೆಗೆ ಉತ್ತರ ನನ್ನಂಥ ಬಿ.ಎ.ಯವಳಿಗೂ ತಿಳಿಯುವಂಥದ್ದೇ.

ಆಕೆ ನೋಡಿದ್ದು ಓರೆಯಾದ ಗೆರೆಗಳನ್ನು. ಗೆಲಾಕ್ಸಿಯ ಬೆಳಕನ್ನು ಒಂದು ಸಣ್ಣ ಸೀಳಿನ ಮೂಲಕ ಹಾಯಿಸಿ, ಕಾಮನಬಿಲ್ಲಿನಂತೆ ಬಿಡಿಸಿದರೆ ಅದರಲ್ಲಿ ಗೆರೆಗಳು ಕಾಣುತ್ತವೆ. ರೋಹಿತ ಎನ್ನುತ್ತಾರಲ್ಲ, ಅದು. ನಮ್ಮ ಕಡೆಗೆ ಬರುತ್ತಿರುವ ವಸ್ತುವಿನ ಗೆರೆ ನೀಲಿಯ ಕಡೆಗೂ, ದೂರ ಸರಿಯುತ್ತಿರುವುದರ ಗೆರೆ ಕೆಂಪಿನ ಕಡೆಗೂ ಜರುಗುತ್ತದೆ. ಬರುವ ರೈಲಿನ ಸೀಟಿ ಒಂದು ಬಗೆ, ದಾಟಿಹೋದ ಮೇಲೆ ಇನ್ನೊಂದು ಬಗೆ ಕೇಳುವುದಿಲ್ಲವೇ, ಹಾಗೆ. ತಿರುಗುವ ಗೆಲಾಕ್ಸಿಯ ಒಂದು ಪಕ್ಕ ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ಪಕ್ಕ ಹೋಗುತ್ತಿರುತ್ತದೆ. ಆದ್ದರಿಂದ ಗೆರೆ ಓರೆಯಾಗುತ್ತದೆ. ಎಷ್ಟು ಓರೆ ಎಂದು ಅಳೆದರೆ ಎಷ್ಟು ವೇಗ ಎಂದು ತಿಳಿಯಿತು.

ಸೂರ್ಯನ ಹತ್ತಿರದ ಬುಧ ಸೆಕೆಂಡಿಗೆ 47 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ, ದೂರದ ನೆಪ್ಚೂನ್ ಬರೀ 5 ಕಿಲೋಮೀಟರ್ ಚಿಲ್ಲರೆ. ಗೆಲಾಕ್ಸಿಗಳಲ್ಲೂ ಹಾಗೆಯೇ, ಹೊರಗಿನವು ನಿಧಾನ ಎಂದು ತಿಳಿದಿದ್ದರು. 1970ರಲ್ಲಿ ರೂಬಿನ್ ಮತ್ತು ಉಪಕರಣ ಕಟ್ಟುವುದರಲ್ಲಿ ನಿಪುಣರಾದ ಕೆಂಟ್ ಫೋರ್ಡ್, ನಮ್ಮ ನೆರೆಯ ಆಂಡ್ರೊಮೀಡಾ ಗೆಲಾಕ್ಸಿಯಲ್ಲಿ ಹೊಳೆಯುವ 67 ಅನಿಲರಾಶಿಗಳ ವೇಗ ಅಳೆದು ಪ್ರಕಟಿಸಿದರು. ಹೊರಗೆ ಹೋದಂತೆ ವೇಗ ಇಳಿಯಬೇಕಾಗಿತ್ತು, ಇಳಿಯಲಿಲ್ಲ. 1980ರ ಹೊತ್ತಿಗೆ ಇನ್ನೂ 21 ಗೆಲಾಕ್ಸಿಗಳಲ್ಲಿ ಅದೇ ಕಥೆ. ಆ ವೇಗದಲ್ಲಿ ಓಡುವುದನ್ನು ಹಿಡಿದಿಡಲು ಕಾಣುವ ನಕ್ಷತ್ರಗಳ ತೂಕ ಸಾಲದು. ಕಾಣದ್ದು ಏನೋ ಇರಬೇಕು. ಕಪ್ಪುದ್ರವ್ಯದ ಮಾತು ಬರುವುದು ಇಲ್ಲಿ. ಆಕೆ ಅದನ್ನು ನೋಡಲಿಲ್ಲ. ಅನಿಲ ಓಡುವುದನ್ನು ನೋಡಿದರು.

ಇಲ್ಲಿ ನನ್ನ ಎರಡನೆಯ ದೂರು. 'ಕಪ್ಪುದ್ರವ್ಯವನ್ನು ಕಂಡುಹಿಡಿದ ಮಹಿಳೆ' ಎಂಬ ತಲೆಬರಹ ಪೂರ್ತಿ ನಿಜವಲ್ಲ. ಕಾಣದ ದ್ರವ್ಯವಿರಬೇಕೆಂದು ಫ್ರಿಟ್ಸ್ ಜ್ವಿಕ್ಕಿ 1933ರಲ್ಲೇ ಹೇಳಿದ್ದರು. ರೇಡಿಯೋ ಅಲೆಗಳಿಂದ ಗೆಲಾಕ್ಸಿಗಳ ವೇಗ ಅಳೆದ ಆಲ್ಬರ್ಟ್ ಬಾಸ್ಮಾ ಅವರ ಕೆಲಸ 1978ರದ್ದು. ಒಂದೊಂದೇ ಗೆಲಾಕ್ಸಿ ಹಿಡಿದು, ಅಲ್ಲಗಳೆಯಲಾಗದಂತೆ ಅಳೆದು ತೋರಿಸಿದ್ದು ರೂಬಿನ್ ಮತ್ತು ಅವರ ಸಂಗಡಿಗರ ಹೆಗ್ಗಳಿಕೆ. ಇರುವುದೇ ಇಷ್ಟು ದೊಡ್ಡದಾಗಿರುವಾಗ ಅದಕ್ಕೆ ಸುಳ್ಳಿನ ಒಗ್ಗರಣೆ ಏಕೆ? ಹೆಣ್ಣನ್ನು ಹೊಗಳುವಾಗ ಸ್ವಲ್ಪ ಹೆಚ್ಚೇ ಹೇಳಿದರೂ ನಡೆಯುತ್ತದೆ ಎನ್ನುವುದೂ ಒಂದು ಬಗೆಯ ಅಸಡ್ಡೆಯೇ.

ಮೇಷ್ಟ್ರು ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಧೂಳಿನ ಮಾತು. ನಕ್ಷತ್ರಗಳ ನಡುವೆ ಹೊಗೆಯ ಕಣದಷ್ಟು ಸಣ್ಣ ಧೂಳು ಇರುತ್ತದಂತೆ. ಅದು ನೀಲಿ ಬೆಳಕನ್ನು ಹೆಚ್ಚಾಗಿ, ಕೆಂಪನ್ನು ಕಮ್ಮಿಯಾಗಿ ತಡೆಯುತ್ತದೆ. ನಮ್ಮ ಆಕಾಶಗಂಗೆಯ ನಡುಮಧ್ಯದಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನಮಗೆ ಮುಟ್ಟುವುದು ಹೆಚ್ಚುಕಮ್ಮಿ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಲ್ಲಿನ ನಕ್ಷತ್ರಗಳ ಓಟವನ್ನು ವರ್ಷಗಟ್ಟಲೆ ಹಿಂಬಾಲಿಸಿ 2020ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಆಂಡ್ರಿಯಾ ಗೆಝ್ ಎಂಬಾಕೆ ಧೂಳನ್ನು ದಾಟಿ ಬರುವ ಅವಕೆಂಪು ಬೆಳಕನ್ನೇ ನಂಬಬೇಕಾಯಿತು.

ಧೂಳು ಮರೆಮಾಡುವುದಷ್ಟೇ ಅಲ್ಲ, ಲೆಕ್ಕವನ್ನೂ ತಪ್ಪಿಸುತ್ತದೆ. ದೋಸೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನಿಂದ ನೋಡಿದಂತೆ ಕಾಣುವ ಗೆಲಾಕ್ಸಿಗಳಿವೆ. ಅವುಗಳಲ್ಲಿ ಧೂಳು ದಟ್ಟವಾಗಿದ್ದರೆ, ಒಳಭಾಗದ ಬೆಳಕು ನಮಗೆ ಬರುವುದೇ ಇಲ್ಲ. ಬರುವುದು ಈಚೆಗಿನ ಹೊರಸುತ್ತಿನ ಬೆಳಕು. ಅಲ್ಲಿನ ಅನಿಲವೂ ನಕ್ಷತ್ರಗಳೂ ನಮಗೆ ಅಡ್ಡಡ್ಡಲಾಗಿ ಸಾಗುವುದರಿಂದ, ನಮ್ಮತ್ತ ಬರುವ ಅಥವಾ ಹೋಗುವ ವೇಗ ಅಲ್ಪ. ಹೀಗಾಗಿ ಒಳಗೆ ಎಷ್ಟೇ ಜೋರಾಗಿ ತಿರುಗುತ್ತಿದ್ದರೂ ನಾವು ಅಳೆಯುವಾಗ ನಿಧಾನ ಎಂದೇ ತೋರುತ್ತದೆ. ಹೈಡ್ರೋಜನ್ ಅನಿಲ ಹೊರಸೂಸುವ 21 ಸೆಂಟಿಮೀಟರ್ ರೇಡಿಯೋ ಅಲೆ ಧೂಳನ್ನು ಲೆಕ್ಕಿಸದೆ ಬರುವುದರಿಂದ, ಅದರ ಜೊತೆ ಹೋಲಿಸಿ ನೋಡಿದರೆ ತಪ್ಪು ಗೊತ್ತಾಗುತ್ತದೆ.

ಇದನ್ನು ಕೇಳುತ್ತಿದ್ದಾಗ ನನಗೆ ನನ್ನ ಇಪ್ಪತ್ತೈದು ವರ್ಷದ ಸೇವೆಯ ಸನ್ಮಾನ ನೆನಪಾಯಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮೂರು ಜನ ಮಾತಾಡಿದರು. ಎಳೆಮಗುವನ್ನು ಅತ್ತೆಯ ಕೈಗಿತ್ತು ಬಸ್ಸು ಹಿಡಿಯುತ್ತಿದ್ದದ್ದು, ಯಜಮಾನರಿಗೆ ಹುಷಾರಿಲ್ಲದಾಗ ಆಸ್ಪತ್ರೆಯಿಂದಲೇ ಶಾಲೆಗೆ ಬಂದದ್ದು, ಮನೆ ಶಾಲೆ ಎರಡನ್ನೂ ಎರಡು ಕಣ್ಣಿನಂತೆ ಕಾಪಾಡಿದ್ದು ಎಲ್ಲ ಹೇಳಿದರು. ಸುಳ್ಳಲ್ಲ. ನಾನು ಪಾಠ ಹೇಗೆ ಮಾಡುತ್ತೇನೆಂದು ಮಾತ್ರ ಒಬ್ಬರೂ ಹೇಳಲಿಲ್ಲ. ಹಳಗನ್ನಡ ಪದ್ಯವನ್ನು ಮಕ್ಕಳಿಂದಲೇ ಪದ ಬಿಡಿಸಿ ಓದಿಸಲು ನಾನು ಹತ್ತು ವರ್ಷ ತಿಣುಕಿ ಒಂದು ದಾರಿ ಹುಡುಕಿಕೊಂಡಿದ್ದೆ. ಅದು ಯಾರಿಗೂ ಕಂಡಿರಲಿಲ್ಲ. ಅವತ್ತು ಏನೋ ಕಸಿವಿಸಿಯಾಗಿತ್ತು. ಏಕೆಂದು ಹೇಳಲು ಬಂದಿರಲಿಲ್ಲ. ಅವತ್ತು ನನಗಾದದ್ದನ್ನೇ ನಾನು ಆ ವೇದಿಕೆಯ ಮೇಲೆ ರೂಬಿನ್ ಅವರಿಗೆ ಮಾಡಿದ್ದೆ.

ಹಾಗೆಂದು ಧೂಳು ಸುಳ್ಳೇನಲ್ಲ. ಅದೂ ಗೆಲಾಕ್ಸಿಯ ಒಡಲಿನದೇ; ಹೊಸ ನಕ್ಷತ್ರಗಳು ಹುಟ್ಟುವುದು ಅನಿಲ, ಧೂಳು ಸೇರಿದ ಮೋಡಗಳಲ್ಲಿಯೇ. ಆಕೆ ಪಟ್ಟ ಕಷ್ಟಗಳೂ ನಿಜ, ಹೇಳಬೇಕಾದವೂ ಹೌದು. ಅಲ್ಲಿಗೇ ಕಣ್ಣು ನಿಂತುಬಿಟ್ಟರೆ ವೇಗದ ಲೆಕ್ಕ ತಪ್ಪುತ್ತದೆ, ಅಷ್ಟೇ.

ಆ ಲೇಖನಗಳು ಬಿಟ್ಟ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಗೆಲಾಕ್ಸಿಯಲ್ಲಿ ನಕ್ಷತ್ರಗಳೂ ಅನಿಲವೂ ಯಾವಾಗಲೂ ಒಂದೇ ದಿಕ್ಕಿಗೆ ಸುತ್ತುವುದಿಲ್ಲ. ದಕ್ಷಿಣ ಆಕಾಶದಲ್ಲಿ ಸೆಂಟಾರಸ್-ಎ ಎಂಬ ಗೆಲಾಕ್ಸಿ ಇದೆ. ಏಪ್ರಿಲ್-ಮೇ ರಾತ್ರಿಗಳಲ್ಲಿ ಅದು ನಮ್ಮ ಕರ್ನಾಟಕದ ದಕ್ಷಿಣ ದಿಗಂತದ ಮೇಲೂ ಏರುತ್ತದೆ. ನಕ್ಷತ್ರಗಳ ದೊಡ್ಡ ಉಂಡೆ, ಅದರ ನಡುವಿಗೆ ಕಪ್ಪು ಡಾಬು ಕಟ್ಟಿದಂತೆ ಧೂಳಿನ ಪಟ್ಟಿ. ಆ ಪಟ್ಟಿಯ ಅನಿಲ ಒಂದು ರೀತಿ ಸುತ್ತುತ್ತದೆ, ಉಂಡೆಯ ನಕ್ಷತ್ರಗಳು ಇನ್ನೊಂದು ರೀತಿ. ಅನಿಲವೂ ಧೂಳೂ ಆ ಮನೆಯಲ್ಲಿ ಹುಟ್ಟಿದ್ದಲ್ಲ, ಎಂದೋ ನುಂಗಿದ ಬೇರೊಂದು ಗೆಲಾಕ್ಸಿಯಿಂದ ಬಂದದ್ದು ಎನ್ನುವುದಕ್ಕೆ ಈ ನಡಿಗೆಯೇ ಸಾಕ್ಷಿ.

ರೂಬಿನ್ ಕಂಡದ್ದು ಇದಕ್ಕಿಂತ ವಿಚಿತ್ರ. ಕನ್ಯಾ ರಾಶಿಯಲ್ಲಿ, ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎನ್‌ಜಿಸಿ 4550 ಎಂಬ ಗೆಲಾಕ್ಸಿ ಇದೆ. ಅದರ ಒಂದೇ ತಟ್ಟೆಯಲ್ಲಿ ಹೆಚ್ಚುಕಮ್ಮಿ ಅರ್ಧ ನಕ್ಷತ್ರಗಳು ಪ್ರದಕ್ಷಿಣೆ ಹಾಕಿದರೆ ಉಳಿದರ್ಧ ಅಪ್ರದಕ್ಷಿಣೆ ಹಾಕುತ್ತಿವೆ! ಅದರ ರೋಹಿತದಲ್ಲಿ ಒಂದು ಓರೆಗೆರೆ ಇರಬೇಕಾದಲ್ಲಿ ಎರಡು, ಒಂದನ್ನೊಂದು ಕತ್ತರಿಯಂತೆ ದಾಟುತ್ತವೆ. ಇಬ್ಬರು ಸಂಗಡಿಗರೊಡನೆ ಆಕೆ ಇದನ್ನು ಪ್ರಕಟಿಸಿದ್ದು 1992ರಲ್ಲಿ, ಅರವತ್ತು ದಾಟಿದ ಮೇಲೆ. ನಮ್ಮಲ್ಲಿ ಪಿಂಚಣಿ ಕಾಗದಕ್ಕೆ ಓಡಾಡುವ ವಯಸ್ಸು. ಹಸಿವಿನ ಕಣ್ಣು ಆಗಲೂ ಮುಚ್ಚಿರಲಿಲ್ಲ. ನನಗೆ ಇದರಲ್ಲಿ ಸಿಕ್ಕಿದ ಧೈರ್ಯ ಆ ಕಾಗದದ ಲಂಗದಲ್ಲಿ ಸಿಕ್ಕಿರಲಿಲ್ಲ.

ಮಾರನೆಯ ವಾರ ಒಂಬತ್ತನೇ ತರಗತಿಯಲ್ಲಿ ಸಮಾಜದ ಪಾಠ ಬೇಗ ಮುಗಿಸಿ, ಹಲಗೆಯ ಮೇಲೆ ಎರಡು ಓರೆಗೆರೆ ಎಳೆದೆ. ತಪ್ಪೊಪ್ಪಿಕೊಂಡು ಎಲ್ಲವನ್ನೂ ಹೇಳಿದೆ. ಆ ಹುಡುಗಿ ಸುಮ್ಮನಿರುವವಳೇ? "ಎದುರುಬದುರು ಓಡಿದ್ರೆ ಡಿಕ್ಕಿ ಆಗಲ್ವಾ ಮಿಸ್?"

"ನಕ್ಷತ್ರ ನಕ್ಷತ್ರಕ್ಕೆ ಅಷ್ಟು ದೂರ ಇರುತ್ತಮ್ಮ, ಡಿಕ್ಕಿ ಆಗೋದೇ ಇಲ್ಲ ಅನ್ನಬಹುದು. ಅನಿಲ ಹಾಗಲ್ಲ. ಎದುರುಬದುರು ಬಂದರೆ ಒಂದಕ್ಕೊಂದು ಬಡಿದು ನಿಲ್ಲುತ್ತೆ. ಒಂದು ಜಾಗದಲ್ಲಿ ಎರಡು ದಿಕ್ಕಿಗೆ ಬಾಳೋಕಾಗಲ್ಲ."

"ಹಾಗಾದ್ರೆ ಅಲ್ಲಿನ ಅನಿಲ ಯಾವ ಕಡೆ ಹೋಗುತ್ತೆ?"

"ಒಂದು ಗುಂಪಿನ ನಕ್ಷತ್ರಗಳ ಜೊತೆಗೆ."

ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಸಾಧಕಿಯರ ಬಗ್ಗೆ ಲೇಖನಗಳು ಇನ್ನೂ ಬರುತ್ತಲೇ ಇರುತ್ತವೆ. ನೀವೂ ಓದುತ್ತೀರಿ, ಮಕ್ಕಳಿಗೆ ಓದಿ ಹೇಳುತ್ತೀರಿ. ಕಣ್ಣು ಒದ್ದೆಯಾದರೆ ಆಗಲಿ, ಒರೆಸಿಕೊಂಡು ಆ ಹುಡುಗಿಯ ಪ್ರಶ್ನೆಯನ್ನೊಮ್ಮೆ ಕೇಳಿ: ಆಕೆ ನೋಡಿದ್ದೇನು?