ಅರ್ಧಕ್ಕೇ ಮಡಿಸಿಟ್ಟ ಗ್ರಂಥ

ಅಮೆರಿಕದ ಅರ್ಥಶಾಸ್ತ್ರಜ್ಞ ಹೈಮನ್ ಮಿನ್‌ಸ್ಕಿಯವರ 'ಸ್ಟೆಬಿಲೈಸಿಂಗ್ ಆ್ಯನ್ ಅನ್‌ಸ್ಟೇಬಲ್ ಇಕಾನಮಿ' 1986ರಲ್ಲಿ ಹೊರಬಂದಾಗ ವಿದ್ವಾಂಸರ ಪಡಸಾಲೆಯಲ್ಲಿ ಅದಕ್ಕೆ ಮೂಲೆಯ ಮಣೆಯೇ ಸಿಕ್ಕಿತು. ಲೇಖಕರು 1996ರಲ್ಲಿ ತೀರಿಕೊಂಡರು. 2008ರಲ್ಲಿ ಲೇಮನ್ ಬ್ರದರ್ಸ್ ದಿವಾಳಿಯಾಯಿತು; ಅದೇ ವರ್ಷ ಗ್ರಂಥವೂ ಮರುಮುದ್ರಣಗೊಂಡು, ಸತ್ತವರ ಹೆಸರು ಎಲ್ಲರ ಬಾಯಿಗೆ ಬಂತು. ಆದರೆ ಹೊಗಳಿದವರಲ್ಲಿ ಹಲವರು ಕೊನೆಯ ಅಧ್ಯಾಯಗಳನ್ನು ಮುಟ್ಟಲಿಲ್ಲವೆಂದು ನಮ್ಮ ಗುಮಾನಿ.

ಮೊದಲ ಅರ್ಧದ ಮಾತು ಎಲ್ಲರಿಗೂ ಗೊತ್ತು. ಸಾಲಗಾರರಲ್ಲಿ ಮೂರು ಬಗೆ: ಗಳಿಕೆಯಿಂದಲೇ ಅಸಲು, ಬಡ್ಡಿ ಎರಡನ್ನೂ ತೀರಿಸುವವನು, ಬಡ್ಡಿಯನ್ನಷ್ಟೇ ತೆತ್ತು ಅಸಲಿಗೆ ಹೊಸ ಸಾಲ ಎತ್ತುವವನು, ಬಡ್ಡಿಗೂ ಸಾಲ ಮಾಡುತ್ತ, ಕೊಂಡ ಸ್ವತ್ತಿನ ಬೆಲೆ ಏರೀತೆಂದು ಕಾಯುವವನು. ಈ ಮೂರನೆಯವನಿಗೆ, 1920ರಲ್ಲಿ ಬಾಸ್ಟನ್ನಿನಲ್ಲಿ ಸಿಕ್ಕಿಬಿದ್ದ ವಂಚಕ ಪೊಂಜಿಯ ಹೆಸರಿಟ್ಟಿದ್ದಾರೆ. (ಮುಂಬಯಿಯಲ್ಲಿ ಮನೆ ಕೊಂಡ ವಾಚಕರು ತಾವು ಯಾವ ಪಂಕ್ತಿಯವರೆಂದು ಲೆಕ್ಕ ಹಾಕಿಕೊಳ್ಳಬಹುದು.) ಒಳ್ಳೆಯ ದಿನಗಳು ಬಹುಕಾಲ ನಡೆದರೆ ಸಾಲ ಕೊಡುವವನೂ ಕೊಳ್ಳುವವನೂ ಕೂಡಿಯೇ ಮೂರನೆಯ ಬಗೆಗೆ ಜಾರುತ್ತಾರೆ. ಮೂರ್ಖತನದಿಂದಲ್ಲ, ನಿನ್ನೆಯ ಅನುಭವವನ್ನು ನಂಬಿ. ಮಾರುಕಟ್ಟೆ ತಾನಾಗಿಯೇ ಸಮತೋಲಕ್ಕೆ ಬರುವುದೆಂಬ ಪಠ್ಯಪುಸ್ತಕದ ಶ್ರದ್ಧೆಗೆ ಇದಕ್ಕಿಂತ ಬಲವಾದ ಪೆಟ್ಟನ್ನು ನಾವು ಓದಿಲ್ಲ. ಗದ್ಯ ಮಾತ್ರ ಮರಳು ಅಗಿದಂತೆ.

1974ರಲ್ಲಿ ಫ್ರಾಂಕ್ಲಿನ್ ನ್ಯಾಷನಲ್ ಬ್ಯಾಂಕ್ ಮುಳುಗುವಾಗ ಕೇಂದ್ರ ಬ್ಯಾಂಕು ಕೈಗೊಟ್ಟದ್ದನ್ನು ಮಿನ್‌ಸ್ಕಿ ಒಪ್ಪುತ್ತಾರೆ. ಆದರೆ ಒಮ್ಮೆ ಬದುಕಿಸಿಕೊಂಡವನು ಮತ್ತೊಮ್ಮೆ ಇನ್ನೂ ದೊಡ್ಡ ಜೂಜಿಗೆ ಕೂರುತ್ತಾನೆಂದೂ ಎಚ್ಚರಿಸುತ್ತಾರೆ. ಆದ್ದರಿಂದಲೇ ಕೊನೆಯಲ್ಲಿ ಬೇರೆ ಮದ್ದು: ದುಡಿಯಲು ಸಿದ್ಧನಾದ ಪ್ರತಿಯೊಬ್ಬನಿಗೂ ಸರ್ಕಾರವೇ ನಿಗದಿತ ಕೂಲಿಯ ಕೆಲಸ ಕೊಡಲಿ. 2008ರ ಅಕ್ಟೋಬರಿನಲ್ಲಿ ಅಮೆರಿಕದ ಶಾಸನಸಭೆ ಹಣಕಾಸು ಸಂಸ್ಥೆಗಳ ರಕ್ಷಣೆಗೆ 70,000 ಕೋಟಿ ಡಾಲರುಗಳ ಮಂಜೂರಾತಿ ಕೊಟ್ಟಿತು. ಕೆಲಸ ಕಳೆದುಕೊಂಡವನಿಗೆ ಕೆಲಸದ ಭರವಸೆ ಸಿಗಲಿಲ್ಲ. ಅರ್ಧ ಗ್ರಂಥವನ್ನೇ ಪೂರ್ತಿ ಗ್ರಂಥವೆಂದು ಬಗೆದುದರ ಫಲವಿದು.

ಲೇಖಕರ ಲೋಪವೂ ಇಲ್ಲಿಯೇ ಇದೆ. ಒಳ್ಳೆಯ ಯೋಜನೆಯನ್ನು ಮುಂದಿಟ್ಟರೆ ಆಳುವವರು ಕೈಗೆತ್ತಿಕೊಂಡಾರೆಂಬ ಭೋಳೇತನ ಅವರದು. ಕೆಲಸ ಹೋದೀತೆಂಬ ಅಂಜಿಕೆ ಅಳಿದರೆ ಮಾಲಿಕನ ಹಿಡಿತ ಸಡಿಲವಾಗುತ್ತದೆ, ಆದ್ದರಿಂದ ಪೂರ್ಣ ಉದ್ಯೋಗಕ್ಕೆ ಬಂಡವಾಳಗಾರರ ವಿರೋಧ ಇದ್ದೇ ಇರುತ್ತದೆ ಎಂದು ಪೋಲೆಂಡಿನ ಕಲೆಟ್ಸ್ಕಿ 1943ರಲ್ಲೇ ಬರೆದಿದ್ದರು. ಆ ಪ್ರಶ್ನೆಗೆ ಮಿನ್‌ಸ್ಕಿಯವರಲ್ಲಿ ತಕ್ಕ ಉತ್ತರವಿಲ್ಲ.

ಅವರು ನೆಚ್ಚಿದ ಉದಾಹರಣೆಗಳು 1930ರ ದಶಕದ ಅಮೆರಿಕದವು. ಆದರೆ ಗ್ರಂಥ ಹೊರಬರುವ ಮೊದಲೇ, ನಾವು ನೆಲೆಸಿದ ಈ ಮಹಾರಾಷ್ಟ್ರದಲ್ಲಿ ಉದ್ಯೋಗ ಖಾತರಿ ಯೋಜನೆ 1972ರಲ್ಲಿ ಆರಂಭವಾಗಿ 1977ರಲ್ಲಿ ಶಾಸನವಾಗಿತ್ತು. ಹಳ್ಳಿಗನ ಕೂಲಿಗೆ ಹಣ ಒದಗಿಸಲೆಂದು 1975ರಲ್ಲಿ ನಗರದ ನೌಕರರ ಮೇಲೆ ವೃತ್ತಿ ತೆರಿಗೆ ಬಂತು. ನಮ್ಮ ಪಗಾರದ ಚೀಟಿಗಳಲ್ಲಿ ಆ ಕಡಿತ ತಿಂಗಳು ತಿಂಗಳೂ ಇರುತ್ತಿತ್ತು. ಯಾತಕ್ಕೆಂದು ನಾವು ಯಾರೂ ಕೇಳಿದ ನೆನಪಿಲ್ಲ.